ಮೈಸೂರು ಸ್ಕ್ವಾಡ್ರನ್ ಸ್ಪಿಟ್‌ಫೈರ್, 1/72: ಬಣ್ಣ ಯಾವುದು, ಗಂಡಭೇರುಂಡ ಎಲ್ಲಿ?

ರೆಕ್ಕೆಪುಕ್ಕ, ತುಮಕೂರು

ಎಲ್ಲರಿಗೂ ನಮಸ್ಕಾರ. ಎರಡನೇ ಮಹಾಯುದ್ಧದ ಬ್ರಿಟಿಷ್ ಫೈಟರ್ ವಿಮಾನ ಸ್ಪಿಟ್‌ಫೈರ್, ಅದರ ಮಾರ್ಕ್ 5ಬಿ ಆವೃತ್ತಿಯ ಪ್ಲಾಸ್ಟಿಕ್ ಮಾದರಿ ಕಿಟ್ ತರಿಸಿದ್ದೇನೆ. 1/72 ಅಳತೆ, ಅಂದರೆ ನಿಜವಾದ ವಿಮಾನದ 72ನೇ ಒಂದು ಪಾಲು. ಪೆಟ್ಟಿಗೆಯ ಮೇಲಿನ ಚಿತ್ರದ ಹಾಗೆ ಮಾಡಿ ಮುಗಿಸುವ ಮನಸ್ಸಿಲ್ಲ. ಬ್ರಿಟಿಷ್ ವಾಯುಪಡೆಯಲ್ಲಿ 129ನೇ ಸ್ಕ್ವಾಡ್ರನ್ ಅಂತ ಒಂದು ವಿಮಾನ ತುಕಡಿ ಇತ್ತು. ಅದರ ಪೂರ್ತಿ ಹೆಸರೇ 129 (ಮೈಸೂರು) ಸ್ಕ್ವಾಡ್ರನ್. ಲಾಂಛನದಲ್ಲಿ ನಮ್ಮ ಗಂಡಭೇರುಂಡ! ಬಸ್ಸಿನ ಮೇಲೆ, ಸರ್ಕಾರಿ ಕಾಗದದ ಮೇಲೆ ದಿನಾ ನೋಡುವ ಅದೇ ಎರಡು ತಲೆಯ ಪಕ್ಷಿ. ಇದು ಗೊತ್ತಾದ ಮೇಲೆ ಬೇರೆ ಯಾವ ಸ್ಪಿಟ್‌ಫೈರ್ ಮಾಡಲೂ ಕೈ ಬರುತ್ತಿಲ್ಲ.

ಎರಡು ವಿಷಯ ಕೇಳಬೇಕು. ಒಂದು, ಮೇಲ್ಭಾಗಕ್ಕೆ ಕಂದು-ಹಸಿರು ಸರಿಯೋ ಬೂದು-ಹಸಿರು ಸರಿಯೋ? ಎರಡೂ ಥರದ ಚಿತ್ರ ಕಾಣುತ್ತವೆ. ಇನ್ನೊಂದು, ಎಂಜಿನ್ ಪಕ್ಕದಲ್ಲಿ ದೊಡ್ಡದಾಗಿ ಗಂಡಭೇರುಂಡ ಬರೆಯಬೇಕು ಅಂತ ಆಸೆ. ನೋಡಿದವರಿಗೆ ತಕ್ಷಣ ನಮ್ಮದು ಅಂತ ಗೊತ್ತಾಗಬೇಕು. ಏನಂತೀರಿ?

ಟರ್ಬೈನ್, ಗುಬ್ಬಿ

ಮಾಡಿ ಅಣ್ಣ, ಮಾಡಿ. ನಮ್ಮ ಬಿದರೆಹಳ್ಳ ಕಾವಲಿನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಬಂದ ಮೇಲೆ ಇಲ್ಲಿನ ಹುಡುಗರಿಗೆ ವಿಮಾನ ಅಂದರೆ ತುಂಬಾ ಆಸಕ್ತಿ. ಮುಗಿದ ಮೇಲೆ ಗುಬ್ಬಿಗೂ ತಂದು ತೋರಿಸಿ.

ಅಂತರಗಂಗೆ, ಕೋಲಾರ

ಒಳ್ಳೆಯ ವಿಷಯ ಎತ್ತಿದ್ದೀರಿ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳಿಕೊಟ್ಟವನು, ಅದರ ಕಡೆಯಿಂದ ಮಾತಾಡುತ್ತೇನೆ. ಬಣ್ಣದ ವಿಷಯ ಬಲ್ಲವರು ಹೇಳಲಿ.

ಈ ಸ್ಕ್ವಾಡ್ರನ್ ಹುಟ್ಟಿದ್ದು 1941ರ ಜೂನ್‌ನಲ್ಲಿ, ಇಂಗ್ಲೆಂಡಿನ ಲೆಕನ್‌ಫೀಲ್ಡ್ ನೆಲೆಯಲ್ಲಿ. ಆಗ ಜನರಿಂದ, ಸಂಸ್ಥಾನಗಳಿಂದ ದೇಣಿಗೆ ಎತ್ತಿ ಯುದ್ಧವಿಮಾನ ಕೊಳ್ಳುವ ಪದ್ಧತಿ ಇತ್ತು. ಒಂದು ಸ್ಪಿಟ್‌ಫೈರ್‌ಗೆ 5,000 ಪೌಂಡ್ ಅಂತ ಲೆಕ್ಕ ಇಟ್ಟಿದ್ದರು. ದೊಡ್ಡ ಮೊತ್ತ ಕೊಟ್ಟವರ ಹೆಸರನ್ನು ಇಡೀ ಸ್ಕ್ವಾಡ್ರನ್‌ಗೇ ಇಡುತ್ತಿದ್ದರು. ಮೈಸೂರಿಗೆ 129 ಬಂತು. ಹೈದರಾಬಾದಿನ ಹೆಸರು ಒಂದಕ್ಕಿಂತ ಹೆಚ್ಚು ಸ್ಕ್ವಾಡ್ರನ್‌ಗಳಿಗೆ ಇತ್ತು. ಮದ್ರಾಸ್ ಪ್ರೆಸಿಡೆನ್ಸಿಯದ್ದೂ ಹಾಗೆಯೇ.

ಆಗ ತುಮಕೂರು, ಕೋಲಾರ ಎರಡೂ ಮೈಸೂರು ಸಂಸ್ಥಾನದ ಜಿಲ್ಲೆಗಳು. ಚಿಕ್ಕಬಳ್ಳಾಪುರ ಕೋಲಾರದೊಳಗೇ ಇತ್ತು. ಅದು ಬೇರೆ ಜಿಲ್ಲೆ ಆದದ್ದು 2007ರಲ್ಲಿ. ಹಾಗಾಗಿ ಮೈಸೂರು ಅಂದ ಕೂಡಲೇ ಅರಮನೆಯೊಂದೇ ಕಣ್ಣಿಗೆ ಬರಬೇಕಿಲ್ಲ. ನಮ್ಮ ಕಡೆಯ ರೈತರು ಕಟ್ಟಿದ ಕಂದಾಯ ಸೇರಿದ್ದ ಬೊಕ್ಕಸ ಅದು.

ಈ ವಿಮಾನಗಳು ಸುಮ್ನೆ ಹೆಸರಿಗೆ ಇದ್ದವಲ್ಲ. 1942ರ ಆಗಸ್ಟ್ 19ರಂದು ಜರ್ಮನರ ಹಿಡಿತದಲ್ಲಿದ್ದ ಫ್ರಾನ್ಸಿನ ದಿಯೆಪ್ ಬಂದರಿನ ಮೇಲೆ ಬ್ರಿಟನ್ ಕಡೆಯವರು ದಾಳಿ ಮಾಡಿದರು. ಅದರ ಪಕ್ಕದ ವರಾಂಜ್‌ವಿಲ್‌ನಲ್ಲಿ ಜರ್ಮನ್ ಫಿರಂಗಿಗಳಿದ್ದವು. ಕಮಾಂಡೊಗಳು ಅದರ ಮೇಲೆ ನುಗ್ಗುವ ಮುಂಚೆ 129ರ ಸ್ಪಿಟ್‌ಫೈರ್‌ಗಳು ತಗ್ಗಿನಲ್ಲಿ ಹಾರಿ ಬಂದು ಗುಂಡು ಸುರಿದವು. ಒಂದು ನಿರ್ದಿಷ್ಟ ದಿನ ಹಿಡಿದು ಮಾಡುವುದಾದರೆ ಆ ದಿನವನ್ನೇ ಹಿಡಿಯಿರಿ.

ನಂದಿಬೆಟ್ಟ72, ಚಿಕ್ಕಬಳ್ಳಾಪುರ

ಮೇಷ್ಟ್ರು ದಿನ ಕೊಟ್ಟರು, ನನ್ನ ಕೆಲಸ ಹಗುರಾಯಿತು. ದಿನ ಗೊತ್ತಾದರೆ ಬಣ್ಣ ತಾನಾಗಿ ತೀರ್ಮಾನವಾಗುತ್ತದೆ. ನೀವು ನೋಡಿದ ಎರಡೂ ಥರದ ಚಿತ್ರ ಸರಿಯೇ, ಕಾಲ ಬೇರೆ.

1941ರ ಆಗಸ್ಟ್‌ವರೆಗೆ ಬ್ರಿಟನ್‌ನ ಹಗಲು ಫೈಟರ್‌ಗಳ ಮೇಲ್ಭಾಗ ಡಾರ್ಕ್ ಅರ್ತ್ ಕಂದು ಮತ್ತು ಡಾರ್ಕ್ ಗ್ರೀನ್. ಹೊಟ್ಟೆಯ ಭಾಗ ಸ್ಕೈ, ಅಂದರೆ ತಿಳಿ ಹಸಿರು ಮಿಶ್ರಿತ ಬಣ್ಣ. ಮಣ್ಣಿನ ಮೇಲೆ ನಿಂತಾಗ ಶತ್ರುವಿಗೆ ಕಾಣಬಾರದು ಅಂತ ಆ ಕಂದು. ಆಮೇಲೆ ಕಾದಾಟ ಕಡಲಿನ ಮೇಲೆ, ಎತ್ತರದಲ್ಲಿ, ಫ್ರಾನ್ಸ್ ಕಡೆ ಹೋಗಿ ಮಾಡುವುದಾಯಿತು. ಆ ಆಗಸ್ಟ್‌ನಲ್ಲಿ ಕಂದು ಹೋಗಿ ಓಶನ್ ಗ್ರೇ ಬಂತು, ಹೊಟ್ಟೆಗೆ ಮೀಡಿಯಂ ಸೀ ಗ್ರೇ. ಸಿದ್ಧ ಓಶನ್ ಗ್ರೇ ಸಿಗುವವರೆಗೆ ಏಳು ಪಾಲು ಮೀಡಿಯಂ ಸೀ ಗ್ರೇಗೆ ಒಂದು ಪಾಲು ಕಪ್ಪು ಬೆರೆಸಿ ಬಳಿದುಕೊಂಡರು.

129 ಶುರುವಾದದ್ದು ಮಾರ್ಕ್ 1 ಸ್ಪಿಟ್‌ಫೈರ್‌ನಿಂದ. ಕಂದು-ಹಸಿರು ಬೇಕೇ ಬೇಕು ಅಂದರೆ ಮಾರ್ಕ್ 1 ಕಿಟ್ ತಗೊಳ್ಳಿ, 1941ರ ಜೂನ್-ಜುಲೈನ ವಿಮಾನ ಮಾಡಿ. ನಿಮ್ಮ ಕೈಯಲ್ಲಿರುವುದು 5ಬಿ. ದಿಯೆಪ್ ದಿನದ ವಿಮಾನ ಅಂದರೆ ಬೂದು-ಹಸಿರು, ಅನುಮಾನವೇ ಬೇಡ. ಟಾಮಿಯಾ ಅನ್ನುವ ಮಾದರಿ ಕಂಪನಿಯ ಬಣ್ಣ ಬಳಸುವುದಾದರೆ ಎಕ್ಸ್‌ಎಫ್-81 ಹಸಿರು, ಎಕ್ಸ್‌ಎಫ್-82 ಓಶನ್ ಗ್ರೇ, ಎಕ್ಸ್‌ಎಫ್-83 ಮೀಡಿಯಂ ಸೀ ಗ್ರೇ. ಮೂರೂ ಈ ವಿಮಾನಗಳಿಗೆಂದೇ ಮಾಡಿದ ಬಣ್ಣ. ಸ್ಕೈಗೆ ಎಕ್ಸ್‌ಎಫ್-21. ಮೂತಿಯ ಸ್ಪಿನ್ನರ್ (ಪ್ರೊಪೆಲ್ಲರ್ ನಡುವಿನ ಚೂಪು ಟೋಪಿ) ಮತ್ತು ಬಾಲದ ಹತ್ತಿರದ ಪಟ್ಟಿ ಸ್ಕೈ ಬಣ್ಣ. ಆ ಪಟ್ಟಿ ನಿಜವಾದ ವಿಮಾನದಲ್ಲಿ 18 ಇಂಚು ಅಗಲ, ನಿಮ್ಮ ಮಾದರಿಯಲ್ಲಿ ಆರೂಕಾಲು ಮಿಲಿಮೀಟರ್ ಬರುತ್ತದೆ.

ಇನ್ನು ಮುದ್ರೆಗಳು. ಇಲ್ಲೇ ಜಾಸ್ತಿ ಜನ ಎಡವುವುದು. 1942ರ ಮಧ್ಯದಲ್ಲಿ ಬ್ರಿಟಿಷ್ ವಾಯುಪಡೆಯ ಗುರುತಾದ ವೃತ್ತದ ಮುದ್ರೆ ಬದಲಾಯಿತು. ಮುಂಚೆ ವಿಮಾನದ ಮೈಮೇಲಿನ ವೃತ್ತದಲ್ಲಿ ಬಿಳಿ ಮತ್ತು ಹಳದಿ ಉಂಗುರ ದಪ್ಪಗಿದ್ದವು. ಆಮೇಲೆ ಎರಡೂ ತೆಳುವಾದವು. ಬಾಲದ ಮೇಲಿನ ಕೆಂಪು-ಬಿಳಿ-ನೀಲಿಯಲ್ಲೂ ಬಿಳಿ ಪಟ್ಟಿ ಸಣ್ಣದಾಯಿತು. ಆಗಸ್ಟ್ ವಿಮಾನಕ್ಕೆ ತೆಳುವಾದ ಮುದ್ರೆಯೇ ಬೇಕು. ರೆಕ್ಕೆಯ ಮೇಲ್ಭಾಗದಲ್ಲಿ ಮಾತ್ರ ಮೊದಲೂ ಆಮೇಲೂ ಕೆಂಪು-ನೀಲಿ ಎರಡೇ.

ರೆಕ್ಕೆಪುಕ್ಕ, ತುಮಕೂರು

ಸಾರ್, ಇಷ್ಟು ಸ್ಪಷ್ಟವಾಗಿ ಯಾರೂ ಹೇಳಿರಲಿಲ್ಲ. ದಿಯೆಪ್ ದಿನವೇ ಆಗಲಿ. ಗಂಡಭೇರುಂಡದ ಬಗ್ಗೆ?

ನಂದಿಬೆಟ್ಟ72, ಚಿಕ್ಕಬಳ್ಳಾಪುರ

ವಿಮಾನದ ಮೇಲೆ ಬೇಡ. ಲಾಂಛನ ಸ್ಕ್ವಾಡ್ರನ್‌ನದ್ದು. ಕಚೇರಿಯಲ್ಲಿ, ಕಾಗದದಲ್ಲಿ, ಮೆಸ್ಸಿನ ಗೋಡೆಯ ಮೇಲೆ ಇರುವಂಥದ್ದು. ಯುದ್ಧಕಾಲದ ಸ್ಪಿಟ್‌ಫೈರ್ ಮೂತಿಯ ಮೇಲೆ ಅಷ್ಟು ದೊಡ್ಡ ಚಿತ್ರ ಬರೆಯುವ ರೂಢಿ ಅವರಲ್ಲಿರಲಿಲ್ಲ. ಸ್ಕ್ವಾಡ್ರನ್ ಗುರುತು ಹಿಡಿಯುವುದು ಅಕ್ಷರದಿಂದ. 129ರದ್ದು ಡಿವಿ. ವೃತ್ತದ ಒಂದು ಕಡೆ ಡಿವಿ, ಇನ್ನೊಂದು ಕಡೆ ಆ ವಿಮಾನದ ಸ್ವಂತ ಅಕ್ಷರ.

ಬೂದುಹಸಿರು, ತುಮಕೂರು

ನನ್ನದು ಬೇರೆ ಅಭಿಪ್ರಾಯ ಸಾರ್. ಮನೆಯ ಶೋಕೇಸಿನಲ್ಲಿ ಇಡುವ ಮಾದರಿ ಅದು. ನಮ್ಮ ಮಕ್ಕಳು ನೋಡುತ್ತಾರೆ. ಡಿವಿ ಅಂತ ಎರಡಕ್ಷರ ಕಂಡರೆ ಅವರಿಗೆ ಏನು ಗೊತ್ತಾಗುತ್ತದೆ? ಗಂಡಭೇರುಂಡ ಕಂಡರೆ ಕೇಳುತ್ತಾರೆ, ಇದು ಇಲ್ಲಿ ಹೇಗೆ ಬಂತು ಅಂತ. ಕೇಳಿದರೆ ತಾನೇ ಕಥೆ ಹೇಳಲು ಆಗುವುದು?

ಅಂತರಗಂಗೆ, ಕೋಲಾರ

ನಿಮ್ಮ ಮಾತಿನಲ್ಲಿ ತೂಕ ಇದೆ. ಆದರೆ ಮಗು ಮುಂದೊಂದು ದಿನ ನಿಜವಾದ ಫೋಟೋ ನೋಡುತ್ತದೆ. ಅಲ್ಲಿ ಗಂಡಭೇರುಂಡ ಇರುವುದಿಲ್ಲ. ಆಗ ನಾವು ಹೇಳಿದ ಉಳಿದ ಮಾತನ್ನೂ ಅದು ನಂಬುವುದಿಲ್ಲ. ವಿಮಾನ ಇದ್ದ ಹಾಗೇ ಇರಲಿ. ಗಂಡಭೇರುಂಡವನ್ನು ಕೆಳಗಿನ ಮರದ ಪೀಠದ ಮೇಲೆ ಕೆತ್ತಿಸಿ, ಎಷ್ಟು ದೊಡ್ಡದಾದರೂ ಸರಿ. ಮಕ್ಕಳ ಕಣ್ಣಿಗೆ ಮೊದಲು ಬೀಳುವುದು ಅದೇ.

ಬೂದುಹಸಿರು, ತುಮಕೂರು

ಪೀಠದ ಮೇಲೆ ಅಂದರೆ ಒಪ್ಪಿದೆ ಮೇಷ್ಟ್ರೇ. ಟ್ರೋಫಿ ಮಾಡುವ ಅಂಗಡಿಯಲ್ಲಿ ಲೇಸರ್‌ನಲ್ಲಿ ಕೆತ್ತಿಕೊಡುತ್ತಾರೆ. ಹಲಸಿನ ಮರದ ಹಲಗೆ ನಾನು ಕೊಡುತ್ತೇನೆ. ಚೇಳೂರು ಕಡೆಯಿಂದ ಬಂದದ್ದು, ಚೆನ್ನಾಗಿ ಒಣಗಿದೆ.

ಗೌರಿಬಿದನೂರು ಹುಡುಗ

ತಪ್ಪು ತಿಳಿಯಬೇಡಿ, ಒಂದು ಮಾತು ಕೇಳಲೇಬೇಕು. ನಮ್ಮೂರಿನ ಪಕ್ಕ ವಿದುರಾಶ್ವತ್ಥ. 1938ರ ಏಪ್ರಿಲ್ 25ರಂದು ಧ್ವಜ ಸತ್ಯಾಗ್ರಹಕ್ಕೆ ಸೇರಿದ್ದ ಜನರ ಮೇಲೆ ಅಲ್ಲಿ ಗುಂಡು ಹಾರಿಸಿದ್ದು ಮೈಸೂರು ಸಂಸ್ಥಾನದ ಪೊಲೀಸರು. ಆ ಜಾಗವನ್ನು ಇವತ್ತಿಗೂ ಕರ್ನಾಟಕದ ಜಲಿಯನ್‌ವಾಲಾ ಬಾಗ್ ಅಂತ ಕರೆಯುತ್ತಾರೆ. ಅದಾಗಿ ಮೂರು ವರ್ಷಕ್ಕೆ ಅದೇ ಸಂಸ್ಥಾನದ ಹೆಸರಿನಲ್ಲಿ ಬ್ರಿಟಿಷರಿಗೆ ಫೈಟರ್ ವಿಮಾನ. ಮರುವರ್ಷ ಕ್ವಿಟ್ ಇಂಡಿಯಾ. ಇದನ್ನು ನಮ್ಮದು ಅಂತ ಹೆಮ್ಮೆಯಿಂದ ಶೋಕೇಸಿನಲ್ಲಿ ಇಡಬೇಕಾ? ಗಂಡಭೇರುಂಡ ನನಗೂ ಪ್ರೀತಿಯೇ. ಆದರೂ ಮನಸ್ಸು ಒಪ್ಪುತ್ತಿಲ್ಲ.

ನಮ್ಮವರು ಹಾರಿಸಿದ ವಿಮಾನವೇ ಬೇಕು ಅಂದರೆ ಹರಿಕೇನ್ ಇದೆಯಲ್ಲ. 1944ರಲ್ಲಿ ಇಂಫಾಲದಲ್ಲಿ ಭಾರತೀಯ ವಾಯುಪಡೆಯ 1ನೇ ಸ್ಕ್ವಾಡ್ರನ್ ಹರಿಕೇನ್‌ಗಳಲ್ಲಿ ಕಾದಾಡಿತು. ಅದರ ನಾಯಕ ಅರ್ಜನ್ ಸಿಂಗ್. ಅವರಿಗೆ ಡಿಎಫ್‌ಸಿ ಶೌರ್ಯ ಪದಕ ಸಿಕ್ಕಿದ್ದು ಅಲ್ಲೇ.

ಅಂತರಗಂಗೆ, ಕೋಲಾರ

ತಮ್ಮಾ, ತಪ್ಪು ತಿಳಿಯುವುದು ಏನಿದೆ. ನೀನು ಕೇಳದಿದ್ದರೆ ಈ ಚರ್ಚೆ ಅರ್ಧವಾಗುತ್ತಿತ್ತು.

ವಿದುರಾಶ್ವತ್ಥದ ನಂತರ ಆಗಿನ ದಿವಾನ ಮಿರ್ಜಾ ಇಸ್ಮಾಯಿಲ್ ಮತ್ತು ಸರ್ದಾರ್ ಪಟೇಲರ ನಡುವೆ ಮಾತುಕತೆ ನಡೆದು ಒಪ್ಪಂದವಾಯಿತು. ಸಂಸ್ಥಾನದ ಬಾವುಟದ ಜತೆ ಕಾಂಗ್ರೆಸ್ ಬಾವುಟ ಹಾರಿಸಲು ಅವಕಾಶ ಸಿಕ್ಕಿತು. ಅಷ್ಟಕ್ಕೆ ಎಲ್ಲ ಸರಿಹೋಯಿತು ಅಂತ ನಾನು ಹೇಳುವುದಿಲ್ಲ. ಸತ್ತವರು ಸತ್ತರು.

ಅದೇ ದಿವಾನರ ಕಾಲದಲ್ಲೇ ಇನ್ನೊಂದು ಕೆಲಸವೂ ಆಯಿತು. 1940ರ ಡಿಸೆಂಬರ್‌ನಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದ ಜತೆ ಸೇರಿ ಬೆಂಗಳೂರಿನಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಶುರು ಮಾಡಿದರು. 1942ರಲ್ಲಿ ಅಲ್ಲಿ ಜೋಡಿಸಿದ ಕರ್ಟಿಸ್ ಹಾಕ್ ಫೈಟರ್ ಹಾರಿತು. ಅದೂ ಪ್ರೊಪೆಲ್ಲರ್ ವಿಮಾನವೇ. ಇವತ್ತಿನ ಎಚ್‌ಎಎಲ್ ಬೇರು ಅಲ್ಲಿದೆ. ಗುಂಡು ಹಾರಿಸಿದ ಪೊಲೀಸರು, ಸ್ಪಿಟ್‌ಫೈರ್ ದೇಣಿಗೆ, ವಿಮಾನ ಕಾರ್ಖಾನೆ, ಮೂರೂ ಒಂದೇ ಸಂಸ್ಥಾನದ್ದು. ಒಂದನ್ನು ಹೇಳಿ ಇನ್ನೊಂದನ್ನು ಮುಚ್ಚಿಟ್ಟರೆ ಅದು ಇತಿಹಾಸವಲ್ಲ.

ನನ್ನ ಸಲಹೆ: ವಿಮಾನ ಮಾಡಲಿ. ಪೀಠದ ಮೇಲಿನ ಫಲಕದಲ್ಲಿ ಸ್ಕ್ವಾಡ್ರನ್ ಹೆಸರಿನ ಕೆಳಗೆ ಹಣ ಎಲ್ಲಿಂದ ಹೋಯಿತು ಅಂತಲೂ ಬರೆಯಲಿ. ವಿದುರಾಶ್ವತ್ಥದ ಹೆಸರೂ ದಿನಾಂಕವೂ ಅಲ್ಲಿ ಇರಲಿ.

ರೆಕ್ಕೆಪುಕ್ಕ, ತುಮಕೂರು

ಇರುತ್ತದೆ ಮೇಷ್ಟ್ರೇ. ಗೌರಿಬಿದನೂರಿನವರೇ, ಫಲಕದ ಆ ಸಾಲು ನೀವೇ ಬರೆದುಕೊಡಿ. ನಿಮ್ಮೂರಿನ ವಿಷಯ, ನಿಮ್ಮ ಮಾತಿನಲ್ಲೇ ಇರಲಿ. ಹರಿಕೇನ್ ಕೂಡ ಮಾಡುತ್ತೇನೆ. ಎರಡನ್ನೂ ಪಕ್ಕಪಕ್ಕ ಇಡುವ ಆಸೆ ಈಗ ಬಂದಿದೆ.

ಗೌರಿಬಿದನೂರು ಹುಡುಗ

ಬರೆದು ಕಳಿಸುತ್ತೇನೆ ಅಣ್ಣ. ಈಗ ಸಮಾಧಾನ ಆಯಿತು.

ನಂದಿಬೆಟ್ಟ72, ಚಿಕ್ಕಬಳ್ಳಾಪುರ

ಹರಿಕೇನ್ ಮಾಡುವಾಗ ನೆನಪಿಡಿ: ಬರ್ಮಾ ಕಡೆಯ ವಿಮಾನಗಳ ವೃತ್ತದಲ್ಲಿ ಕೆಂಪು ಇರುವುದಿಲ್ಲ. ಜಪಾನಿನ ಗುರುತು ಕೆಂಪು ಸೂರ್ಯ. ದೂರದಿಂದ ಕೆಂಪು ಕಂಡರೆ ನಮ್ಮವರೇ ನಮ್ಮವರಿಗೆ ಗುಂಡು ಹೊಡೆಯುವ ಭಯ. ಅದಕ್ಕೆ ಕಡು ನೀಲಿಯ ನಡುವೆ ತಿಳಿ ನೀಲಿ ಇಟ್ಟರು.

ಚಾಂಪಿಯನ್‌ರೀಫ್, ಕೆಜಿಎಫ್

ಎಲ್ಲರ ಮಾತನ್ನೂ ಓದುತ್ತಿದ್ದೇನೆ, ತುಂಬಾ ಚೆನ್ನಾಗಿದೆ. ನನ್ನ ಮಗಳು ಒಂಬತ್ತನೇ ತರಗತಿ. ಅವಳಿಗೆ ಇದೇ ಸ್ಪಿಟ್‌ಫೈರ್ ಬೇಕಂತೆ. ಬಣ್ಣ ಸಿಂಪಡಿಸುವ ಏರ್‌ಬ್ರಷ್, ಅದಕ್ಕೆ ಗಾಳಿ ಕೊಡುವ ಕಂಪ್ರೆಸರ್ ಕೊಳ್ಳುವ ಸ್ಥಿತಿ ಈಗ ಇಲ್ಲ. ಬರೀ ಬ್ರಷ್‌ನಲ್ಲಿ ಆಗುತ್ತದಾ? ಮತ್ತೆ 1/72 ಅವಳಿಗೆ ತೀರಾ ಸಣ್ಣದಾಗುತ್ತದಾ?

ಬೂದುಹಸಿರು, ತುಮಕೂರು

ಖಂಡಿತ ಆಗುತ್ತದೆ ಅಕ್ಕ. ನಾನು ಕಾರುಗಳಿಗೆ ಪೇಂಟ್ ಹೊಡೆಯುವವನು, ಗನ್ ದಿನಾ ಕೈಯಲ್ಲಿರುತ್ತದೆ. ಆದರೂ ಸಣ್ಣ ಮಾದರಿಗೆ ಬ್ರಷ್ ಕೆಲಸ ನೋಡಲು ಇಷ್ಟ. ದಪ್ಪ ಬಳಿಯಬಾರದು, ಅಷ್ಟೇ. ಬಣ್ಣ ಹಾಲಿನಷ್ಟು ತೆಳ್ಳಗಿರಲಿ. ಮೊದಲ ಕೋಟ್ ಹಾಕಿದಾಗ ಪ್ಲಾಸ್ಟಿಕ್ ಕಾಣುತ್ತಿರುತ್ತದೆ, ಮಗಳು ಹೆದರಿ ಮತ್ತೆ ಮತ್ತೆ ತಿದ್ದಲು ಹೋಗುತ್ತಾಳೆ. ಬಿಡಬೇಕು. ಪೂರ್ತಿ ಒಣಗಿದ ಮೇಲೆ ಎರಡನೆಯದು ಅಡ್ಡಕ್ಕೆ, ಮೂರನೆಯದು ಉದ್ದಕ್ಕೆ. ನೀರಿನ ಅಕ್ರಿಲಿಕ್ ಬಣ್ಣ ಕೊಡಿಸಿ, ವಾಸನೆ ಕಡಿಮೆ.

ಉಜ್ಜುವುದಕ್ಕೆ ಆಟೊಮೊಬೈಲ್ ಪೇಂಟ್ ಅಂಗಡಿಯ ವಾಟರ್ ಪೇಪರ್ ಸಾಕು. 1000 ನಂಬರ್, 2000 ನಂಬರ್ ಎರಡು ಹಾಳೆ. ನೀರು ಹಚ್ಚಿ ಉಜ್ಜಿದರೆ ಧೂಳೂ ಏಳುವುದಿಲ್ಲ. ಅಂಟು ಹಚ್ಚುವಾಗ ಕಿಟಕಿ ತೆಗೆದಿರಲಿ, ನೀವು ಹತ್ತಿರದಲ್ಲಿರಿ.

ನಂದಿಬೆಟ್ಟ72, ಚಿಕ್ಕಬಳ್ಳಾಪುರ

ಅಳತೆಯ ಬಗ್ಗೆ. 1/72 ಅಂದರೆ ಆರಡಿ ಮನುಷ್ಯ ಒಂದು ಇಂಚು ಆಗುತ್ತಾನೆ. ಸ್ಪಿಟ್‌ಫೈರ್ ರೆಕ್ಕೆಯ ಉದ್ದ ತುದಿಯಿಂದ ತುದಿಗೆ 11.23 ಮೀಟರ್, ಮಾದರಿಯಲ್ಲಿ ಸುಮಾರು 15.6 ಸೆಂಟಿಮೀಟರ್. ಅಂಗೈ ಮೇಲೆ ಕೂರುತ್ತದೆ. 1/48 ಆದರೆ 23 ಸೆಂಟಿಮೀಟರ್ ದಾಟುತ್ತದೆ, ಕಾಕ್‌ಪಿಟ್ ಒಳಗೆ ಕೈ ಆಡಿಸಲು ಸುಲಭ. ಟಾಮಿಯಾದವರು ಎರಡೂ ಅಳತೆಯಲ್ಲಿ 5ಬಿ ಮಾಡಿದ್ದಾರೆ. ಬ್ರಷ್‌ನಲ್ಲಿ ಬಳಿಯುವ ಮೊದಲ ಮಾದರಿಗೆ 1/72 ಒಳ್ಳೆಯದು ಅಂತ ನನ್ನ ಅನಿಸಿಕೆ. ಬಳಿಯುವ ಜಾಗ ಕಡಿಮೆ, ಬ್ರಷ್ ಗೆರೆ ಉಳಿಯುವುದೂ ಕಡಿಮೆ.

ಇನ್ನೊಂದು ಮಾತು ಮಗಳಿಗೆ ಹೇಳಿ. ಸ್ಪಿಟ್‌ಫೈರ್ ಹೊಟ್ಟೆ ಎರಡೂ ಕಡೆ ಒಂದೇ ಥರ ಇರುವುದಿಲ್ಲ. ಮಾರ್ಕ್ 5ರಲ್ಲಿ ಬಲ ರೆಕ್ಕೆಯ ಕೆಳಗೆ ಚೌಕನೆಯ ರೇಡಿಯೇಟರ್, ಎಡ ರೆಕ್ಕೆಯ ಕೆಳಗೆ ದುಂಡನೆಯ ಸಣ್ಣ ಆಯಿಲ್ ಕೂಲರ್. ಕಿಟ್‌ನಲ್ಲಿ ತಪ್ಪಿದೆ ಅಂತ ಅಂದುಕೊಳ್ಳಬಾರದು. ಫ್ಲ್ಯಾಪ್ (ಇಳಿಯುವಾಗ ಬಳಸುವ ರೆಕ್ಕೆಯ ಹಿಂದಿನ ಮಡಿಕೆ) ಇಳಿಸಿ ಅಂಟಿಸುವುದೂ ಬೇಡ, ನಿಂತ ವಿಮಾನದಲ್ಲಿ ಅವನ್ನು ಎತ್ತಿಟ್ಟಿರುತ್ತಿದ್ದರು. ಪ್ರೊಪೆಲ್ಲರ್ ಎಲೆಗಳ ತುದಿಗೆ ಹಳದಿ.

ಚಾಂಪಿಯನ್‌ರೀಫ್, ಕೆಜಿಎಫ್

ತುಂಬಾ ಉಪಕಾರವಾಯಿತು. ಇನ್ನೊಂದು ಸಂಶಯ. ಕೋಲಾರದಲ್ಲೂ ಯುದ್ಧದ ಕಾಲದಲ್ಲಿ ವಿಮಾನ ಇಳಿಯುತ್ತಿತ್ತು ಅಂತ ನಮ್ಮ ಮಾವನವರು ಹೇಳುತ್ತಿದ್ದರು. ನಿಜವಾ ಮೇಷ್ಟ್ರೇ?

ಅಂತರಗಂಗೆ, ಕೋಲಾರ

ನಿಜ ಕಣಮ್ಮ. ಕೋಲಾರದಲ್ಲಿ ಬ್ರಿಟಿಷ್ ವಾಯುಪಡೆಯ ನೆಲೆ ಇತ್ತು. ಆದರೆ ಫೈಟರ್‌ಗಳದ್ದಲ್ಲ, ನಾಲ್ಕು ಎಂಜಿನ್‌ನ ಲಿಬರೇಟರ್ ಬಾಂಬರ್‌ಗಳದ್ದು. ಆ ದೊಡ್ಡ ವಿಮಾನ ಹಾರಿಸುವ ತರಬೇತಿ ಇಲ್ಲಿ ನಡೆಯುತ್ತಿತ್ತು. 1944ರ ನವೆಂಬರ್‌ನಲ್ಲಿ 358ನೇ ಸ್ಕ್ವಾಡ್ರನ್ ಹುಟ್ಟಿದ್ದೇ ಕೋಲಾರದಲ್ಲಿ. ನಮ್ಮ ಜಿಲ್ಲೆಯ ಶಾಲೆಗಳಲ್ಲಿ ಇದನ್ನು ಹೇಳಿಕೊಡುವವರು ಇಲ್ಲ. ಹೇಳಬೇಕು. ನಿಮ್ಮ ಮಾವನವರ ನೆನಪಿನಲ್ಲಿದ್ದದ್ದನ್ನು ಮಗಳ ಕೈಯಲ್ಲಿ ಬರೆಸಿಡಿ.

ಟರ್ಬೈನ್, ಗುಬ್ಬಿ

ಲಿಬರೇಟರ್ 1/72ರಲ್ಲಿ ಮಾಡಿದರೆ ರೆಕ್ಕೆ ಎಷ್ಟಾಗುತ್ತದೆ?

ನಂದಿಬೆಟ್ಟ72, ಚಿಕ್ಕಬಳ್ಳಾಪುರ

110 ಅಡಿ ರೆಕ್ಕೆ. ಮಾದರಿಯಲ್ಲಿ 46 ಸೆಂಟಿಮೀಟರ್ ಮೇಲೆ. ಶೋಕೇಸಿನ ಬಾಗಿಲು ಮೊದಲು ಅಳೆಯಿರಿ.

ರೆಕ್ಕೆಪುಕ್ಕ, ತುಮಕೂರು

ಈಗ ನನ್ನ ದೊಡ್ಡ ಕಷ್ಟ ಡಿಕಾಲ್, ಅಂದರೆ ನೀರಿನಲ್ಲಿ ನೆನೆಸಿ ಮಾದರಿಗೆ ಅಂಟಿಸುವ ಅಕ್ಷರ, ಮುದ್ರೆಗಳು. ನನ್ನ ಪೆಟ್ಟಿಗೆಯಲ್ಲಿ ಡಿವಿ ಅಕ್ಷರ ಇಲ್ಲ. ಮನೆಯ ಇಂಕ್‌ಜೆಟ್ ಪ್ರಿಂಟರ್‌ನಲ್ಲಿ ಡಿಕಾಲ್ ಪೇಪರ್ ಹಾಕಿ ತೆಗೆದರೆ ಆಗುತ್ತದಾ?

ನಂದಿಬೆಟ್ಟ72, ಚಿಕ್ಕಬಳ್ಳಾಪುರ

ಈ ಅಕ್ಷರಗಳಿಗೆ ಆಗುವುದಿಲ್ಲ. ಅವು ಸ್ಕೈ ಬಣ್ಣ, ತಿಳಿ. ಮನೆಯ ಪ್ರಿಂಟರ್‌ನಲ್ಲಿ ಬಿಳಿ ಇಂಕ್ ಇರುವುದಿಲ್ಲ, ಉಳಿದ ಇಂಕ್ ಪಾರದರ್ಶಕ. ಪಾರದರ್ಶಕ ಹಾಳೆಯ ಮೇಲೆ ತಿಳಿ ಬಣ್ಣ ಮುದ್ರಿಸಿ ಕಡು ಹಸಿರಿನ ಮೇಲೆ ಅಂಟಿಸಿದರೆ ಅಕ್ಷರ ಕಾಣುವುದೇ ಇಲ್ಲ. ಕಪ್ಪು ಅಕ್ಷರದ ಸಣ್ಣ ಸೀರಿಯಲ್ ನಂಬರಿಗೆ ಮಾತ್ರ ಪ್ರಿಂಟರ್ ಸಾಕು. ಅದನ್ನೂ ಫೋಟೋದಲ್ಲಿ ಕಂಡ ವಿಮಾನದ್ದೇ ಹಾಕಿ. ಮುದ್ರಿಸಿದ ಮೇಲೆ ಕ್ಲಿಯರ್ (ಬಣ್ಣವಿಲ್ಲದ ವಾರ್ನಿಷ್) ಹೊಡೆದು ಒಣಗಿಸಿ, ಇಲ್ಲದಿದ್ದರೆ ನೀರಿಗೆ ಹಾಕಿದ ಕೂಡಲೇ ಇಂಕ್ ಹರಿಯುತ್ತದೆ.

ಬೂದುಹಸಿರು, ತುಮಕೂರು

ಇದಕ್ಕೆ ನನ್ನ ಹತ್ತಿರ ದಾರಿ ಇದೆ. ಬೈಕ್ ನಂಬರ್ ಪ್ಲೇಟ್ ಮಾಡುವ ರೇಡಿಯಂ ಅಂಗಡಿ ಗೊತ್ತಲ್ಲ? ಅವರ ಹತ್ತಿರ ಸ್ಟಿಕರ್ ಕತ್ತರಿಸುವ ಮಷೀನ್ ಇರುತ್ತದೆ. ಅಕ್ಷರವನ್ನು ಸ್ಟಿಕರ್ ಆಗಿ ಅಂಟಿಸುವುದಲ್ಲ. ಅಕ್ಷರದ ಜಾಗ ಖಾಲಿ ಬಿಟ್ಟ ಹಾಳೆ ಮಾಡಿಸಿ. ಅದನ್ನು ವಿಮಾನದ ಮೇಲೆ ಕೂರಿಸಿ ಸ್ಕೈ ಬಣ್ಣ ಹೊಡೆಯಿರಿ. ಹಾಳೆ ಎತ್ತಿದರೆ ಅಕ್ಷರ ಉಳಿಯುತ್ತದೆ. ನಂಬರ್ ಪ್ಲೇಟ್ ವಿನೈಲ್‌ನ ಅಂಟು ಜೋರು, ಕೆಳಗಿನ ಬಣ್ಣವನ್ನೂ ಕಿತ್ತುಕೊಂಡು ಬರಬಹುದು. ಹಾಗಾಗಿ ಮೊದಲು ಪ್ಯಾಂಟಿನ ಬಟ್ಟೆಗೆ ಒಂದೆರಡು ಸಲ ಅಂಟಿಸಿ ತೆಗೆಯಿರಿ, ಅಂಟು ಸಡಿಲವಾಗುತ್ತದೆ.

ಹೊಡೆಯುವ ಮುಂಚೆ ಕೋಣೆಯ ನೆಲಕ್ಕೆ ನೀರು ಚಿಮುಕಿಸಿ. ನಮ್ಮ ಕಡೆ ಆಷಾಢದ ಗಾಳಿಗೆ ಧೂಳು ಎಲ್ಲಿಂದ ಬರುತ್ತದೋ ಗೊತ್ತಾಗುವುದಿಲ್ಲ. ಮಳೆ ಹಿಡಿದ ದಿನ ಮಾತ್ರ ಲ್ಯಾಕರ್ ಕ್ಲಿಯರ್ ಹೊಡೆಯಬೇಡಿ, ತೇವ ಸೇರಿ ಬಿಳಿಚಿಕೊಳ್ಳುತ್ತದೆ.

ರೆಕ್ಕೆಪುಕ್ಕ, ತುಮಕೂರು

ರೇಡಿಯಂ ಅಂಗಡಿ ನನಗೆ ಹೊಳೆದೇ ಇರಲಿಲ್ಲ! ಅಕ್ಷರದ ಎತ್ತರ ಎಷ್ಟು ಹೇಳಲಿ?

ನಂದಿಬೆಟ್ಟ72, ಚಿಕ್ಕಬಳ್ಳಾಪುರ

ನಿಜವಾದ ಅಕ್ಷರ 24 ಇಂಚು. 1/72ಕ್ಕೆ ಎಂಟೂವರೆ ಮಿಲಿಮೀಟರ್. ಅದೇ ಹಾಳೆಯಲ್ಲಿ ಕೆಜಿಎಫ್ ಮಗುವಿಗೂ ಒಂದು ಜೊತೆ ಕತ್ತರಿಸಿಸಿ, ಬ್ರಷ್‌ನಿಂದ ಕುಟ್ಟಿ ಬಣ್ಣ ಹಾಕಿದರೂ ಆಗುತ್ತದೆ.

ಬಣ್ಣದ ಕ್ರಮ ಹೀಗಿರಲಿ. ರೆಕ್ಕೆಯ ಮುಂದಿನ ಅಂಚಿನ ಹಳದಿ ಮೊದಲು, ಅದಕ್ಕೂ ಮೊದಲು ಅಲ್ಲಿ ಬಿಳಿ. ಹಳದಿ ಒಣಗಿದ ಮೇಲೆ ಟೇಪ್ ಮುಚ್ಚಿ ಹೊಟ್ಟೆಯ ಬೂದು. ಆಮೇಲೆ ಓಶನ್ ಗ್ರೇ, ಕೊನೆಗೆ ಹಸಿರು. ಸ್ಕೈ ಪಟ್ಟಿ ಮತ್ತು ಅಕ್ಷರ ಒಂದೇ ಸಲ. ನಂತರ ಹೊಳಪಿನ ಕ್ಲಿಯರ್, ಅದರ ಮೇಲೆ ವೃತ್ತಗಳ ಡಿಕಾಲ್. ಮ್ಯಾಟ್, ಅಂದರೆ ಹೊಳಪಿಲ್ಲದ ಬಣ್ಣದ ಮೇಲೆ ನೇರ ಅಂಟಿಸಿದರೆ ಅಡಿಯಲ್ಲಿ ಗಾಳಿ ಸಿಕ್ಕಿ ಬೆಳ್ಳಗೆ ಹೊಳೆಯುತ್ತದೆ. ಎಲ್ಲ ಮುಗಿದ ಮೇಲೆ ಮ್ಯಾಟ್ ಕ್ಲಿಯರ್. ರೆಕ್ಕೆಯ ನಾಲ್ಕು ಮೆಷಿನ್‌ಗನ್ ಬಾಯಿಗೆ ಕೆಂಪು ಬಟ್ಟೆಯ ತುಂಡು ಅಂಟಿಸುತ್ತಿದ್ದರು, ಅವನ್ನು ಕೆಂಪು ಡಿಕಾಲ್‌ನಲ್ಲಿ ಚೌಕ ಕತ್ತರಿಸಿ ಹಾಕಿ. ಎರಡು 20 ಮಿಲಿಮೀಟರ್ ಕ್ಯಾನನ್‌ಗಳು ಹೊರಗೆ ಚಾಚಿರುತ್ತವೆ, ಅವನ್ನು ಕೊನೆಗೆ ಅಂಟಿಸಿ. ಮೊದಲೇ ಹಾಕಿದರೆ ಕೈ ತಗುಲಿ ಮುರಿಯುತ್ತವೆ.

ಚಾಂಪಿಯನ್‌ರೀಫ್, ಕೆಜಿಎಫ್

ಮಗಳು ಪಕ್ಕದಲ್ಲೇ ಕೂತು ಓದುತ್ತಿದ್ದಾಳೆ. ಅವಳ ವಿಮಾನಕ್ಕೂ ಡಿವಿ ಬೇಕಂತೆ, ಮೂರನೇ ಅಕ್ಷರ ಅವಳೇ ಆರಿಸಬಹುದಾ ಅಂತ ಕೇಳುತ್ತಿದ್ದಾಳೆ.

ಅಂತರಗಂಗೆ, ಕೋಲಾರ

ಫೋಟೋ ಹುಡುಕಿ ಅದರಲ್ಲಿ ಇರುವ ಅಕ್ಷರ ಹಾಕಲು ಹೇಳಿ. ಹುಡುಕುವುದರಲ್ಲೂ ಕಲಿಯುತ್ತಾಳೆ. ಸಿಕ್ಕಿದ ಫೋಟೋ ಇಲ್ಲಿ ಹಾಕಲಿ, ಯಾವ ವರ್ಷದ್ದು ಅಂತ ವೃತ್ತದ ಮುದ್ರೆ ನೋಡಿ ಅವಳೇ ಹೇಳಲಿ.

ರೆಕ್ಕೆಪುಕ್ಕ, ತುಮಕೂರು

ಭಾನುವಾರ ರೇಡಿಯಂ ಅಂಗಡಿಗೆ ಹೋಗುತ್ತೇನೆ. ಎರಡು ಜೊತೆ ಕತ್ತರಿಸಿಸುತ್ತೇನೆ, ಒಂದು ಕೆಜಿಎಫ್‌ಗೆ ಕೊರಿಯರ್. ಬೂದುಹಸಿರು ಅಣ್ಣ, ಹಲಗೆ ಯಾವಾಗ ತಗೊಳ್ಳಲಿ?

ಬೂದುಹಸಿರು, ತುಮಕೂರು

ಅವತ್ತೇ ಬನ್ನಿ, ಮಧ್ಯಾಹ್ನದ ಮೇಲೆ ಗ್ಯಾರೇಜಿನಲ್ಲಿ ಇರುತ್ತೇನೆ. ವಿಮಾನದ ಎರಡು ಅರ್ಧ ಜೋಡಿಸಿದ್ದರೆ ತನ್ನಿ, ಪೀಠದ ಅಳತೆ ಅಲ್ಲೇ ಗುರುತು ಹಾಕೋಣ.